ಗೌಡರ ಬಂಡೆ

ಮದ್ದೂರಿನಿಂದ ಕೆ. ಎಂ. ದೊಡ್ಡಿಯ ಮೇಲೆ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಮೊದಲು ಕಾಣುವುದು ಕಬ್ಬು. ಆಮೇಲೆ ಕಾಣುವುದೂ ಕಬ್ಬೇ. ವಿಶ್ವೇಶ್ವರಯ್ಯ ನಾಲೆಯ ನೀರು ಹತ್ತಲಾರದ ಎತ್ತರದ ನೆಲದಲ್ಲಿ ಮಾತ್ರ ರಾಗಿ, ಹುರುಳಿ. ಅವುಗಳ ನಡುವೆ ಮಲಗಿದ ಆನೆಯ ಬೆನ್ನಿನಂತೆ ಅಲ್ಲೊಂದು ಇಲ್ಲೊಂದು ಬಂಡೆ. ಅಂಥದೊಂದು ಬಂಡೆಗೆ ಒಡೆಯರು ಅರವತ್ತು ದಾಟಿದ ಒಬ್ಬ ಗೌಡರು. ಅವರ ಹೆಸರು ಬೇಡ. ಆ ಸೀಮೆಯಲ್ಲಿ ಗೌಡರಿಗೂ ಕೊರತೆಯಿಲ್ಲ, ಬಂಡೆಗಳಿಗೂ ಕೊರತೆಯಿಲ್ಲ.

ಪಹಣಿಯಲ್ಲಿ ಆ ಬಂಡೆ ‘ಖರಾಬು’ ಎಂದು ದಾಖಲಾಗಿದೆ. ಖರಾಬಿನಲ್ಲಿಯೂ ಎರಡು ಜಾತಿ. ಸಾಗುವಳಿಗೆ ಬಾರದೆ ಹಿಡುವಳಿದಾರನ ಬಳಿಯೇ ಉಳಿಯುವಂಥದು ‘ಅ’ ಖರಾಬು; ದಾರಿ, ಹಳ್ಳ, ಸ್ಮಶಾನ ಮೊದಲಾದ ಸಾರ್ವಜನಿಕ ಉಪಯೋಗಕ್ಕೆ ಸೇರಿದ್ದು ‘ಬ’ ಖರಾಬು. ಗೌಡರ ಬಂಡೆ ಮೊದಲನೆಯ ಜಾತಿಯದು. ಅದಕ್ಕೆ ಕಂದಾಯವಿಲ್ಲ, ಅದರಿಂದ ಬೆಳೆಯೂ ಇಲ್ಲ. ಆದರೆ ಉಪಯೋಗವಿಲ್ಲವೆಂದು ಹೇಳಿದವರಿಗೆ ಹಳ್ಳಿಯ ಸಂಸಾರ ತಿಳಿಯದು. ಸುಗ್ಗಿಯಲ್ಲಿ ರಾಗಿ ಒಣಗುವುದು ಅದರ ಮೇಲೆ. ಹುರುಳಿ ಬಡಿಯುವುದು ಅದರ ಮೇಲೆ. ಬೇಸಗೆಯಲ್ಲಿ ಮನೆಯ ಹೆಂಗಸರು ಹಪ್ಪಳ ಸಂಡಿಗೆ ಹರವುವುದೂ ಅದರ ಮೇಲೆಯೇ.

ಇಂಥ ಬಂಡೆಗೆ ಒಂದು ಭಾನುವಾರ ಬೆಂಗಳೂರಿನಿಂದ ನಾಲ್ವರು ತರುಣರೂ ಇಬ್ಬರು ತರುಣಿಯರೂ ಬಂದಿಳಿದರು. ಬೆನ್ನಿಗೆ ಹಗ್ಗದ ಸುರುಳಿ, ಸೊಂಟಕ್ಕೆ ಸುಣ್ಣದ ಪುಡಿಯಂಥ ಬಿಳಿಯ ಪುಡಿಯ ಚೀಲ, ಕಾಲಿಗೆ ಬೆರಳು ಹಿಂಡುವಂಥ ಬಿಗಿಯಾದ ಪಾದರಕ್ಷೆ. ಹಿಡಿಯಲು ಸಂದಿಲ್ಲದ ಕಲ್ಲಿನ ಇಳಿಜಾರಿನಲ್ಲಿ ಬರಿಯ ಪಾದದ ಘರ್ಷಣೆಯನ್ನು ನಂಬಿ ಏರುವುದು ಆ ವಿದ್ಯೆಯ ಒಂದು ಬಗೆ; ಮೈಸೂರು ಸೀಮೆಯ ಕಣಶಿಲೆ ಅದಕ್ಕೆ ಹೇಳಿ ಮಾಡಿಸಿದ್ದು.

ಇವರು ಇಷ್ಟು ದೂರ ಬರಲು ಕಾರಣವಿತ್ತು. ‘ಶೋಲೆ’ ಚಿತ್ರದಿಂದ ದೇಶಕ್ಕೆಲ್ಲ ಪರಿಚಿತವಾದ ರಾಮನಗರದ ಬಂಡೆಗಳು ಬೆಂಗಳೂರಿನ ಶಿಲಾರೋಹಿಗಳಿಗೆ ತವರುಮನೆಯಿದ್ದಂತೆ. ಆದರೆ ಅಲ್ಲಿನ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾಯಿತು. ಅಳಿವಿನಂಚಿಗೆ ಬಂದ ಆ ಹಕ್ಕಿಗಳು ಗೂಡು ಕಟ್ಟುವುದು ಕಡಿದಾದ ಬಂಡೆಯ ಮುಖದಲ್ಲಿಯೇ. ಹಗ್ಗ ಹಿಡಿದವರಿಗೂ ಬೇಕಾದದ್ದು ಅದೇ ಮುಖ. ಹಕ್ಕಿಗೆ ಬೇರೆ ಮನೆಯಿಲ್ಲ, ಮನುಷ್ಯನಿಗೆ ಬೇರೆ ಬಂಡೆಯುಂಟು ಎಂಬ ತೀರ್ಪು ನ್ಯಾಯವಾದದ್ದೇ. ಹೀಗೆ ಬೇರೆ ಬಂಡೆಯನ್ನು ಹುಡುಕಿ ಹೊರಟವರು ರೈತರ ಸರ್ವೆ ನಂಬರುಗಳೊಳಗೆ ಕಾಲಿಡುವುದು ಅನಿವಾರ್ಯವಾಯಿತು.

ಮೊದಲ ಮೂರು ಭಾನುವಾರ ಗೌಡರು ಏನೂ ಅನ್ನಲಿಲ್ಲ. ನೀರು ಕೇಳಿದಾಗ ಮಜ್ಜಿಗೆಯನ್ನೇ ಕೊಡಿಸಿದರು. ನಾಲ್ಕನೆಯ ಭಾನುವಾರ ಬಂಡೆಯ ನೆತ್ತಿಯಲ್ಲಿ ಹೊಳೆಯುವ ಎರಡು ಉಕ್ಕಿನ ಬೋಲ್ಟುಗಳನ್ನು ಕಂಡರು. ಹಗ್ಗ ಕಟ್ಟುವುದಕ್ಕಾಗಿ ತರುಣರು ಕಲ್ಲು ಕೊರೆದು ಬಿಗಿದಿದ್ದರು. ಗೌಡರ ಮುಖ ಬದಲಾಯಿತು.

“ಈ ಗೂಟ ಯಾಕಪ್ಪ ಹೊಡೆದ್ರಿ?”

“ಬೀಳಬಾರದು ಅಂತ, ಗೌಡರೇ.”

“ಯಾರು ಬೀಳಬಾರದು ಅಂತ? ನೀವೋ, ನಾನೋ?”

ತರುಣರಿಗೆ ಆ ಮಾತು ಅರ್ಥವಾಗಲಿಲ್ಲ. ಪೇಟೆಯಲ್ಲಿ ಮೊಳೆ ಮೊಳೆಯಷ್ಟೆ. ಹಳ್ಳಿಯಲ್ಲಿ ನೆಲಕ್ಕೆ ನೆಟ್ಟ ಯಾವ ವಸ್ತುವೂ ಒಂದು ಮಾತನ್ನು ಹೇಳುತ್ತದೆ. ಬಾಂದುಕಲ್ಲು ಒಂದು ಮೊಳ ಸರಿಯಿತೆಂದು ಅಣ್ಣತಮ್ಮಂದಿರು ಎರಡು ತಲೆಮಾರು ಮಂಡ್ಯದ ಕೋರ್ಟಿಗೆ ಅಲೆದ ಕಥೆ ಯಾವ ಊರಿನಲ್ಲಿಲ್ಲ? ಕೇಳದೆ ಹೊಡೆದ ಗೂಟ ಗೌಡರ ಕಣ್ಣಿಗೆ ಬೋಲ್ಟಾಗಿ ಕಾಣಲಿಲ್ಲ, ಬಾಂದುಕಲ್ಲಾಗಿ ಕಂಡಿತು. ಮುಂದಿನ ವಾರ ಬೇಲಿಯ ಉಡ್ಡೆಗೆ ಮುಳ್ಳು ಬಿದ್ದಿತ್ತು.

ಗೌಡರ ಭಯ ತೀರ ಹುಸಿಯೆಂದು ನಗುವಂತಿಲ್ಲ. 1882ರ ಈಸ್‌ಮೆಂಟ್ ಕಾನೂನಿನ ಪ್ರಕಾರ ಒಬ್ಬನ ಜಮೀನಿನ ಮೇಲೆ ನೆರೆಜಮೀನಿನವನು ಇಪ್ಪತ್ತು ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದೇ ಭಾವಿಸಿ ನಡೆದಾಡಿದರೆ ದಾರಿಯ ಹಕ್ಕು ಅವನಿಗೆ ಸ್ಥಿರಪಡುತ್ತದೆ. ಆಟಕ್ಕೆ ಬಂದ ಅತಿಥಿಗೆ ಪಕ್ಕದಲ್ಲಿ ಜಮೀನಿಲ್ಲವಾದ್ದರಿಂದ ಈ ಹಕ್ಕು ಸಲ್ಲುವುದಿಲ್ಲ. ಅವನದು ಕೇವಲ ಅನುಮತಿ, ಒಡೆಯ ಬೇಕೆಂದಾಗ ಹಿಂದಕ್ಕೆ ಪಡೆಯಬಹುದಾದದ್ದು. ಆದರೆ ಅದೇ ಕಾನೂನಿನ 60ನೆಯ ಕಲಮಿನಲ್ಲಿ ಒಂದು ಕೊಂಡಿಯಿದೆ: ಅನುಮತಿಯನ್ನು ನಂಬಿ ಬಂದವನು ಸ್ವಂತ ಖರ್ಚಿನಿಂದ ಶಾಶ್ವತವಾದ ಕೆಲಸವನ್ನೇನಾದರೂ ಮಾಡಿದ್ದರೆ ಅನುಮತಿಯನ್ನು ಹಿಂತೆಗೆಯುವಂತಿಲ್ಲ. ಬೆರಳು ಗಾತ್ರದ ಎರಡು ಬೋಲ್ಟುಗಳನ್ನು ಶಾಶ್ವತ ಕಾಮಗಾರಿಯೆಂದು ಒಪ್ಪುವ ನ್ಯಾಯಾಧೀಶರು ಸಿಕ್ಕುವುದು ಕಷ್ಟ. ಒಪ್ಪಿಸುತ್ತೇನೆಂದು ಹತ್ತು ವರ್ಷ ಫೀಸು ಪಡೆಯುವ ವಕೀಲರು ಸಿಕ್ಕುವುದು ಅಷ್ಟು ಕಷ್ಟವಲ್ಲ.

ಹೊರದೇಶಗಳಲ್ಲಿ ಈ ತೊಡಕನ್ನು ಬಗೆಬಗೆಯಾಗಿ ಬಿಡಿಸಿದ್ದಾರೆ. ನಾರ್ವೆಯವರು 1957ರಲ್ಲಿ, ಸ್ಕಾಟ್ಲೆಂಡಿನವರು 2003ರಲ್ಲಿ, ಖಾಸಗಿ ಗುಡ್ಡಬೆಟ್ಟಗಳಲ್ಲಿ ಹಾನಿ ಮಾಡದೆ ಸಂಚರಿಸುವ ಹಕ್ಕನ್ನು ಕಾನೂನಾಗಿ ಬರೆದರು. ಇಂಗ್ಲೆಂಡಿನಲ್ಲಿ ಜನ 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ದಿಬ್ಬಕ್ಕೆ ಗುಂಪಾಗಿ ನುಗ್ಗಿ ಕೆಲವರು ಸೆರೆಮನೆಯನ್ನೂ ಕಂಡರು. ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ಹಣ ಪಡೆಯದೆ ಜಾಗ ಕೊಟ್ಟ ಒಡೆಯನನ್ನು, ಅತಿಥಿ ಬಿದ್ದು ಪೆಟ್ಟಾದರೂ, ಹೊಣೆಯಿಂದ ಕಾಪಾಡುವ ಶಾಸನಗಳುಂಟು. ಗೌಡರಿಗೆ ಅಂಥ ರಕ್ಷೆಯಿಲ್ಲ. ಹುಡುಗನೊಬ್ಬ ಬಿದ್ದರೆ ಪೊಲೀಸು ಜೀಪು ಮೊದಲು ನಿಲ್ಲುವುದು ಅವರ ಜಗುಲಿಯ ಮುಂದೆ. ಮಜ್ಜಿಗೆ ಕೊಟ್ಟ ತಪ್ಪಿಗೆ!

ಇನ್ನೊಂದು ಕಡೆಯಿಂದಲೂ ಬಂಡೆಗೆ ಕಣ್ಣು ಬಿದ್ದಿತ್ತು. ಜಲ್ಲಿಯ ವ್ಯಾಪಾರದವರೊಬ್ಬರು ಎರಡು ಸಲ ಬಂದು ಮಾತನಾಡಿ ಹೋಗಿದ್ದರು. ಸ್ವಂತ ಜಮೀನಿನ ಕಲ್ಲಾದರೂ ಗಣಿ ಇಲಾಖೆಯ ಅಪ್ಪಣೆಯಿಲ್ಲದೆ ಒಡೆಯುವಂತಿಲ್ಲ. ಅಪ್ಪಣೆ ಸಿಕ್ಕಿದರೆ ಬಂಡೆ ಹಣವಾಗುತ್ತದೆ. ಪಾಂಡವಪುರದ ಬೇಬಿಬೆಟ್ಟದ ಕಲ್ಲುಗಣಿಗಳ ಸಿಡಿತ ಕನ್ನಂಬಾಡಿ ಕಟ್ಟೆಗೆ ಅಪಾಯವೆಂಬ ವಿವಾದ ಬೆಳೆದು, 2024ರಲ್ಲಿ ಉಚ್ಚ ನ್ಯಾಯಾಲಯ ಕಟ್ಟೆಯ ಸುತ್ತ 20 ಕಿಲೋಮೀಟರಿನೊಳಗೆ ಗಣಿ ಕೆಲಸವನ್ನು ತಡೆದದ್ದು ಜಿಲ್ಲೆಗೆಲ್ಲ ತಿಳಿದ ಸಂಗತಿ. ಗೌಡರ ಊರು ಅಷ್ಟು ಹತ್ತಿರದಲ್ಲಿಲ್ಲ. ಹಣ ಕೊಡುವವನು ಕೈಮುಗಿದು ಕೇಳಿದ. ಹಣ ಕೊಡದವರು ಕೇಳಲೂ ಇಲ್ಲ. ಮಗನ ಮಾತೂ ವ್ಯಾಪಾರಿಯ ಕಡೆಗೇ ವಾಲುತ್ತಿತ್ತು.

ಬೇಲಿಯ ಮುಳ್ಳನ್ನು ಕಂಡು ಹಿಂದಿರುಗಿದ ಆರು ಮಂದಿಯಲ್ಲಿ ಒಬ್ಬ ಹುಡುಗಿ ಮಾತ್ರ ಮುಂದಿನ ವಾರ ಹಗ್ಗವಿಲ್ಲದೆ ಬಂದಳು, ಕೈಯಲ್ಲಿ ಮದ್ದೂರು ವಡೆಯ ಪೊಟ್ಟಣ ಹಿಡಿದು. ಅವಳ ತಾಯಿಯ ತವರು ಮಳವಳ್ಳಿಯ ಕಡೆ. ಜಗುಲಿಯ ಮೇಲೆ ಕುಳಿತು, “ತಪ್ಪಾಯ್ತು ದೊಡ್ಡಪ್ಪ, ಕೇಳಬೇಕಿತ್ತು” ಎಂದಳು. ಬೋಲ್ಟು ಕಿತ್ತು ರಂಧ್ರಕ್ಕೆ ಗಾರೆ ತುಂಬುವುದಾಗಿ, ಹಗ್ಗವನ್ನು ಮೇಲಿನ ಹೊಂಗೆಮರಕ್ಕೆ ಕಟ್ಟುವುದಾಗಿ, ನೆರೆಯವರ ಕಬ್ಬಿನ ಬದುವನ್ನು ತುಳಿಯದೆ ಗ್ರಾಮನಕ್ಷೆಯಲ್ಲಿರುವ ಬಂಡಿದಾರಿಯಿಂದಲೇ ಬರುವುದಾಗಿ ಹೇಳಿದಳು. ಬಂಡೆ ಗೌಡರದೆಂದೂ ತಮಗೆ ಹಕ್ಕೇನೂ ಇಲ್ಲವೆಂದೂ, ಬಿದ್ದರೆ ಹೊಣೆ ತಮ್ಮದೆಂದೂ ಒಂದು ಕಾಗದದಲ್ಲಿ ಬರೆದು ಆರು ಮಂದಿಯೂ ರುಜು ಹಾಕಿದ್ದರು. ಕೋರ್ಟಿನಲ್ಲಿ ಆ ಕಾಗದ ಎಷ್ಟು ನಿಲ್ಲುವುದೋ ಬೇರೆ ಮಾತು. ಗೌಡರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಡಿಸಿ, ಪಹಣಿಯಿದ್ದ ಪೆಟ್ಟಿಗೆಯಲ್ಲಿಟ್ಟರು.

“ವರ್ಷ ವರ್ಷ ಬಂದು ಕೇಳ್ಬೇಕು,” ಎಂದರು.

“ಕೇಳ್ತೀವಿ, ದೊಡ್ಡಪ್ಪ.”

“ಈಗ ರಾಗಿ ಹರಡಿದೀವಿ. ಸಂಕ್ರಾಂತಿ ಕಳೀಲಿ.”

ಮಗ ಒಳಗಿನಿಂದ ಇಣುಕಿ ನೋಡಿದ. ಜಲ್ಲಿಯ ವ್ಯಾಪಾರದವರು ಮತ್ತೆ ಯಾವಾಗ ಬರುವರೆಂಬುದನ್ನು ಆ ದಿನ ಯಾರೂ ಎತ್ತಲಿಲ್ಲ. ಗೌಡರ ಹೆಂಡತಿ ಪೊಟ್ಟಣ ಬಿಚ್ಚಿ, ವಡೆ ಆರಿಹೋಗಿದೆಯೆಂದು ಒಲೆಯ ಕಡೆಗೆ ಕೊಂಡೊಯ್ದರು.