ಮುಯ್ಯಿ ಪುಸ್ತಕದಲ್ಲಿ ಸಿಕ್ಕಿದ ಅಜ್ಜಿ

ನಮ್ಮ ಕಡೆ ಹೆಣ್ಣು-ಗಂಡಿನ ಮಾತು ಬಂತು ಅಂದ್ರೆ ಮೊದ್ಲು ಕೇಳೋದು ಬೆಡಗು ಯಾವ್ದು ಅಂತ. ಆಮೇಲೆ ವರಸೆ. ಅವ್ರು ಇವ್ರಿಗೆ ಏನಾಗ್ಬೇಕು, ಅಣ್ಣ-ತಂಗಿ ಆಗ್ತಾರಾ, ಅತ್ತೆ ಮಗನಾ, ಮಾವನ ಮಗಳಾ, ಎಲ್ಲಾ ಲೆಕ್ಕ ಹಾಕಿ ಆಮೇಲೆ ಕಾಫಿ ಕುಡಿಯೋದು. ಇಷ್ಟೆಲ್ಲಾ ವರಸೆ ಬಲ್ಲ ನಾವು, ನಿಮ್ಮ ಅಜ್ಜನಿಗೆ ಅಕ್ಕ-ತಂಗೀರು ಎಷ್ಟು ಜನ, ಅವರ ಹೆಸರೇನು, ಯಾವೂರಿಗೆ ಕೊಟ್ಟಿದ್ರು ಅಂತ ಯಾರಾದ್ರೂ ಕೇಳಿದ್ರೆ ಸುಮ್ನೆ ಮುಖ ನೋಡ್ತೀವಿ. ಅಜ್ಜನ ಅಪ್ಪನ ಹೆಸರು ಗೊತ್ತು, ಅವರಪ್ಪನ ಹೆಸರೂ ಗೊತ್ತು. ಹೆಣ್ಮಕ್ಕಳ ಹೆಸರು ಮಾತ್ರ ಎರಡು ತಲೆ ದಾಟಲ್ಲ.

ನಂಗೆ ಈ ವಿಷಯ ತಲೆಗೆ ಬಂದಿದ್ದು ವಂಶವೃಕ್ಷದಿಂದ. ಗುಬ್ಬಿ ತಾಲ್ಲೂಕಿನ ನಮ್ಮ ತವರಿನ ಜಮೀನು ಇನ್ನೂ ಅಜ್ಜನ ಹೆಸರಲ್ಲೇ ಕೂತಿತ್ತು. ಅಜ್ಜ ಹೋಗಿ ನಲವತ್ತು ವರ್ಷ ಆಯ್ತು, ಅಪ್ಪ ಹೋಗಿ ಹತ್ತು ವರ್ಷ. ಪಹಣೀಲಿ ಮಾತ್ರ ಅಜ್ಜ ಬದುಕೇ ಇದ್ದಾರೆ! ನಮ್ಮ ಕಡೆ ಅರ್ಧ ಊರಿನ ಪಹಣಿ ಹಿಂಗೇ ಇರ್ತದೆ, ನಿಮಗೂ ಗೊತ್ತು. ನಮ್ಮಣ್ಣ ಪೌತಿ ಖಾತೆ ಮಾಡಿಸೋಣ ಅಂತ ಹೊರಟ. ಅದಕ್ಕೆ ಮರಣ ಪತ್ರ ಬೇಕು, ವಂಶವೃಕ್ಷ ಬೇಕು. ನಾಡಕಚೇರಿಗೆ ಅರ್ಜಿ ಕೊಡ್ಬೇಕು, ಗ್ರಾಮ ಆಡಳಿತಾಧಿಕಾರಿ ಬಂದು ಊರೋರ ಮುಂದೆ ವಿಚಾರಿಸಿ ಮಹಜರು ಮಾಡ್ತಾರೆ. ಅಣ್ಣ ಒಂದು ಹಾಳೇಲಿ ಮರ ಬರ್ಕೊಂಡು ತುಮಕೂರಿಗೆ ನಮ್ಮನೆಗೆ ಬಂದ. ಮೇಲೆ ಅಜ್ಜ-ಅಜ್ಜಿ, ಕೆಳಗೆ ಅಪ್ಪ, ಚಿಕ್ಕಪ್ಪ, ಸೋದರತ್ತೆ, ಅದರ ಕೆಳಗೆ ನಾವು. ಯಾರೋ ಒಬ್ರು "ಹೆಣ್ಮಕ್ಕಳ ಹೆಸರೂ ಬರೀಬೇಕಾ?" ಅಂತ ಅವನ ಕಿವೀಲಿ ಊದಿದ್ರಂತೆ. ಬರೀಲೇಬೇಕು ಕಣ್ರೀ. ನಮ್ಮ ರಾಜ್ಯದಲ್ಲಿ 1994ರಲ್ಲೇ ಹೆಣ್ಮಕ್ಕಳಿಗೆ ಹಕ್ಕು ಕೊಡೋಕೆ ಶುರು ಮಾಡಿದ್ರು, 2005ರಲ್ಲಿ ಕೇಂದ್ರದ ಕಾಯ್ದೆ ಬದಲಾಗಿ ಮದುವೆಯಾದ ಹೆಣ್ಮಕ್ಕಳಿಗೂ ಗಂಡುಮಕ್ಕಳ ಸಮಕ್ಕೆ ಬಂತು. 2020ರಲ್ಲಿ ಸುಪ್ರೀಂ ಕೋರ್ಟೂ ಹುಟ್ಟಿನಿಂದಲೇ ಹಕ್ಕು ಅಂತ ಗಟ್ಟಿಯಾಗಿ ಹೇಳ್ತು. ನಮ್ಮಣ್ಣ ಒಳ್ಳೇವನು, ನನ್ನ ಹೆಸರು ಅವನೇ ಬರ್ದಿದ್ದ.

ಆ ಹಾಳೆ ನೋಡ್ತಾ ನೋಡ್ತಾ ನಾನು "ಅಜ್ಜನ ಕೂಡೆ ಹುಟ್ಟಿದೋರು ಯಾರ್ಯಾರು?" ಅಂದೆ. "ಒಬ್ಬ ಅಣ್ಣ, ಒಬ್ಬಳು ಅಕ್ಕ" ಅಂದ ಅಣ್ಣ. ಮನೇಲಿ ಎಲ್ರೂ ಹೇಳ್ತಿದ್ದದ್ದು ಅದೇ.

ಅದೇ ವರ್ಷ ಸುಗ್ಗಿ ಮುಗಿದ ಮೇಲೆ ಊರಿಗೆ ಹೆಳವರು ಬಂದ್ರು. ಈಗಿನ ಮಕ್ಕಳಿಗೆ ಹೆಳವರು ಅಂದ್ರೆ ಗೊತ್ತಿಲ್ಲ. ಹೆಳವ ಅಂದ್ರೆ ಕಾಲಿಲ್ಲದವನು ಅಂತ ಅರ್ಥ. ಹಿಂದೆ ಎತ್ತಿನ ಮೇಲೆ ಕೂತು, ಕಾಲು ಕಾಣದಂಗೆ ಕಂಬಳಿ ಹೊದ್ದು, ಗಂಟೆ ಬಾರಿಸ್ಕೊಂಡು ಬರೋರು. ಒಬ್ಬೊಬ್ಬ ಹೆಳವನಿಗೆ ಇಂತಿಂಥ ಊರು, ಇಂತಿಂಥ ಮನೆ ಅಂತ ಹಂಚಿಕೆ. ನಿಮ್ಮ ವಂಶದ ಮೂಲ ಯಾವೂರು, ಯಾಕೆ ಊರು ಬಿಟ್ರು, ಎಲ್ಲಿ ನೆಲೆ ನಿಂತ್ರು, ಯಾರ ಮಗ ಯಾರು, ಎಲ್ಲಾ ಬಾಯಲ್ಲಿ ಹೇಳೋರು. ಕಾಳು, ಬಟ್ಟೆ, ಉಳ್ಳವರು ಕರುನೋ ಕುರಿನೋ ಕೊಟ್ಟು ಕಳಿಸೋರು. ಉತ್ತರದಲ್ಲಿ ಹರಿದ್ವಾರ, ಗಯೆಗೆ ಹೋದೋರಿಗೆ ಅಲ್ಲಿನ ಪಂಡರು ಬಹಿ ತೆಗೆದು ಮುತ್ತಾತನ ಹೆಸರು ಹೇಳ್ತಾರಲ್ಲ, ಹಂಗೆ. ಅಲ್ಲಿ ನಾವೇ ಹುಡ್ಕೊಂಡು ಹೋಗ್ಬೇಕು, ಇಲ್ಲಿ ನಮ್ಮ ವಂಶ ನಮ್ಮ ಬಾಗಿಲಿಗೇ ಬರ್ತಿತ್ತು.

ಈಗ ಎತ್ತಿಲ್ಲ. ಬಂದೋನು ಬೈಕಲ್ಲಿ ಬಂದಿದ್ದ, ಬ್ಯಾಗಲ್ಲಿ ಪುಸ್ತಕ ಇತ್ತು. ಜಗಲಿ ಮೇಲೆ ಕೂತು ರಾಗವಾಗಿ ಶುರು ಮಾಡಿದ. ಧಾತು ಈಶ್ವರ ಬರದಲ್ಲಿ ನಮ್ಮೋರು ಹಳೇ ಊರು ಬಿಟ್ಟು ಈ ಕಡೆ ಬಂದದ್ದು ಹೇಳಿದ. ಅದು 1876ರಿಂದ 78ರ ತನಕದ ಬರ, ಧಾತು ಮತ್ತೆ ಈಶ್ವರ ಅನ್ನೋ ಸಂವತ್ಸರದಲ್ಲಿ ಬಂದಿದ್ದಕ್ಕೆ ಆ ಹೆಸರು. ಮೈಸೂರು ಸೀಮೇಲಿ ಲಕ್ಷಾಂತರ ಜನ ಹಸಿವಿಂದ ಸತ್ರು. ಒಂದೊಂದೇ ತಲೆ ಇಳ್ಕೊಂಡು ಅಜ್ಜನ ತಲೆಗೆ ಬಂದ. "ಗಂಡು ಇಬ್ಬರು, ಹೆಣ್ಣು ಇಬ್ಬರು" ಅಂದ.

ಗಂಡುಮಕ್ಕಳ ಹೆಸರು ಹೇಳಿದ. ಹೆಣ್ಮಕ್ಕಳದ್ದು ಬರೀ ಲೆಕ್ಕ, ಹೆಸರಿಲ್ಲ. "ಹೆಣ್ಣು ಇಬ್ರಲ್ಲಪ್ಪ, ಒಬ್ಳೇ" ಅಂದ ಚಿಕ್ಕಪ್ಪ. ಹೆಳವ ಪುಸ್ತಕ ಮಡಚದೆ ಇನ್ನೊಂದ್ಸಲ ನೋಡಿ, "ಇಲ್ಲ ಗೌಡ್ರೆ, ನಮ್ಮ ತಾತ ಬರ್ಸಿರೋದು ಇಬ್ರು ಅಂತ್ಲೇ" ಅಂದ. ಚಿಕ್ಕಪ್ಪ ಎದ್ದು ಎಲೆ-ಅಡಿಕೆ ತರೋಕೆ ಒಳಕ್ಕೆ ಹೋದ್ರು. ಆ ಮಾತು ಅಲ್ಲಿಗೇ ನಿಂತಿತು.

ನಂಗೆ ಮಾತ್ರ ತಲೇಲಿ ಕೊರೆಯೋಕೆ ಶುರುವಾಯ್ತು. ಗುಬ್ಬೀಲಿ ನಮ್ಮ ಸೋದರತ್ತೆ ಇದ್ದಾರೆ, ಎಂಬತ್ತೈದು ವರ್ಷ. ಕಣ್ಣು ಮಂಜು, ನೆನಪು ಚೊಕ್ಕ. ಒಂದು ಮಧ್ಯಾಹ್ನ ಅವರ ಜತೆ ಅವರೆಕಾಯಿ ಸುಲೀತಾ ಕೂತು ಮೆಲ್ಲಗೆ ಕೇಳ್ದೆ. ಅತ್ತೆ ಸ್ವಲ್ಪ ಹೊತ್ತು ಸುಮ್ನೆ ಇದ್ರು. "ಇದ್ಲು. ಅಪ್ಪನ ತಂಗಿ. ನಂಗೆ ಸೋದರತ್ತೆ" ಅಂದ್ರು. ಆಮೇಲೆ ಕಾಳು ಬಿಡಿಸ್ತಾನೇ ಎಲ್ಲಾ ಹೇಳಿದ್ರು.

ಅಜ್ಜನ ತಂಗಿಗೆ ಹದಿಮೂರಕ್ಕೋ ಹದಿನಾಲ್ಕಕ್ಕೋ ಮದುವೆ ಮಾಡಿದ್ರು. ಐದಾರು ವರ್ಷಕ್ಕೆ ಗಂಡ ಹೋದ. ಮಕ್ಕಳಿಲ್ಲ. ತವರಿಗೆ ಬಂದು ನಾಲ್ಕು ವರ್ಷ ಹಿತ್ತಲು, ಕೊಟ್ಟಿಗೆ ಅಂತ ಇದ್ಲು. ಆಮೇಲೆ ಕುಣಿಗಲ್ ಕಡೆಯೋರೊಬ್ರು ಕೂಡಿಕೆ ಮಾಡ್ಕೊಂಡ್ರು. ಕೂಡಿಕೆ ಅಂದ್ರೆ ಗಂಡ ಸತ್ತ ಹೆಂಗಸು ಇನ್ನೊಂದು ಮದುವೆ ಆಗೋದು. ಚಪ್ಪರ ಇಲ್ಲ, ವಾಲಗ ಇಲ್ಲ, ಸೀರೆ ಕೊಟ್ಟು ಕರ್ಕೊಂಡು ಹೋಗೋದು. ನಮ್ಮ ಜನದಲ್ಲಿ ಅದಕ್ಕೆ ದಾರಿ ಇತ್ತು, ಮರ್ಯಾದೆ ಇರ್ಲಿಲ್ಲ. ಕೂಡಿಕೆಯಾದೋಳನ್ನ ಮದುವೆ ಚಪ್ಪರಕ್ಕೆ ಕರೀತಿರ್ಲಿಲ್ಲ, ಅವಳ ಮಕ್ಕಳದ್ದೇ ಬೇರೆ ಸಾಲು ಅಂತಿದ್ರು. ನಮ್ಮ ಅಜ್ಜನೂ ತಂಗಿ ಹೆಸರು ಎತ್ತೋದು ಬಿಟ್ರು. ಮನೇಲಿ ಯಾರೂ ಎತ್ತಲಿಲ್ಲ.

"ನಾನು ಒಂದೇ ಒಂದ್ಸಲ ನೋಡಿದ್ದು. ಸಿದ್ಧಗಂಗೆ ದನದ ಜಾತ್ರೇಲಿ" ಅಂದ್ರು ಅತ್ತೆ. ಶಿವರಾತ್ರಿ ಹೊತ್ತಿಗೆ ಆಗೋ ಆ ಜಾತ್ರೆಗೆ ಎಲ್ಲಾ ಕಡೆಯಿಂದ ಎತ್ತು ಹೊಡ್ಕೊಂಡು ಬರ್ತಿದ್ರು. "ಯಾರೋ ಹೆಂಗಸು ಬಂದು ನನ್ನ ಕೈಗೆ ಬಳೆ ಹಾಕ್ಸಿ, ಬತ್ತಾಸು ಕೊಟ್ಟು, ತಲೆ ಸವರಿ ಹೋದ್ಲು. ನಮ್ಮವ್ವ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ಲು. ಅಪ್ಪ ಎತ್ತಿನ ಹಗ್ಗ ಬಿಗಿ ಮಾಡ್ತಾ ಆ ಕಡೆ ತಿರುಗಿ ನಿಂತಿದ್ರು." ಯಾವೂರು ಅಂದ್ರೆ ಅತ್ತೆಗೆ ಗೊತ್ತಿಲ್ಲ. "ನನ್ನ ಮದುವೆ ಮುಯ್ಯಿ ಪುಸ್ತಕ ನೋಡು. ಅವ್ಳು ಬರ್ಲಿಲ್ಲ. ಆದ್ರೆ ಯಾರ ಕೈಲೋ ಕಳ್ಸಿದ್ಲು ಅಂತ ನಮ್ಮವ್ವ ಅಂದಿದ್ಲು."

ಮುಯ್ಯಿ ಪುಸ್ತಕ ಅಂದ್ರೆ ಬರೀ ದುಡ್ಡಿನ ಲೆಕ್ಕ ಅಂದ್ಕೊಂಡಿದ್ದೀವಿ ನಾವು. ಅದರಷ್ಟು ನಿಜವಾದ ಸಂಬಂಧದ ಪಟ್ಟಿ ಇನ್ನೊಂದಿಲ್ಲ. ಲಗ್ನಪತ್ರಿಕೇಲಿ ಬೇಕಾದೋರ ಹೆಸರು ಮಾತ್ರ ಅಚ್ಚು ಹಾಕಿಸ್ತಾರೆ. ಮುಯ್ಯೀಲಿ ಕೊಟ್ಟೋರೆಲ್ಲರ ಹೆಸರೂ ಬರ್ತದೆ, ಊರೂ ಬರ್ತದೆ, ಯಾಕಂದ್ರೆ ನಾಳೆ ಅವರ ಮನೆಗೆ ತಿರುಗಿ ಹಾಕ್ಬೇಕಲ್ಲ. ಅತ್ತೆ ಮದುವೆ ಆಗಿದ್ದು 1958ರಲ್ಲಿ. ಪುಸ್ತಕ ನಮ್ಮ ತವರಿನ ಅಟ್ಟದ ಮೇಲೆ ಹಳೇ ಟ್ರಂಕಲ್ಲಿ ಇತ್ತು. ಅಂಚೆಲ್ಲಾ ಗೆದ್ದಲು. ಅಣ್ಣನೂ ನಾನೂ ಬಿಸಿಲಿಗೆ ಇಟ್ಕೊಂಡು ಒಂದೊಂದೇ ಸಾಲು ಓದಿದ್ವಿ. ಒಂದು ರೂಪಾಯಿ, ಎಂಟಾಣೆ, ಎರಡು ಸೇರು ಅಕ್ಕಿ, ಬೆಲ್ಲದ ಅಚ್ಚು. ಕೊನೇ ಪುಟದಲ್ಲಿ, ಬೇರೆ ಮಸೀಲಿ, ಅಮೃತೂರು ಕಡೆಯ ಒಂದು ಹಳ್ಳಿ ಹೆಸರು. ಅದರ ಮುಂದೆ "ರವಕೆ ಕಣ 1, ರೂ. 5" ಅಂತ. ಹೆಸರು ಬರೆಯೋ ಜಾಗ ಖಾಲಿ. ಆ ಪುಸ್ತಕದಲ್ಲೇ ಐದು ರೂಪಾಯಿ ಕೊಟ್ಟೋರು ಮೂರು ಜನ ಮಾತ್ರ.

ಅಮೃತೂರು ಕುಣಿಗಲ್ ತಾಲ್ಲೂಕಿಗೆ ಸೇರಿದ್ದು. ತುಮಕೂರಿಂದ ಹೆಬ್ಬೂರು ಮೇಲೆ ಕುಣಿಗಲ್ಲಿಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಎಂಬತ್ತು ವರ್ಷ ದೂರ ಆಗಿದ್ದೋರು ಅರ್ಧ ದಿನದ ಹಾದೀಲಿ ಇದ್ರು! ನಾನೂ ನಮ್ಮಣ್ಣನೂ ಹೊರಟ್ವಿ. ಊರ ಮುಂದೆ ಅರಳಿಕಟ್ಟೇಲಿ ಕೂತಿದ್ದ ಮುದುಕರನ್ನ "ಗುಬ್ಬಿ ಕಡೆಯಿಂದ ಬಂದಿದ್ದ ಅಜ್ಜಿ ಮನೆ ಯಾವ್ದು?" ಅಂದ್ವಿ. ಹೆಸರು ಕೇಳ್ಲೇ ಇಲ್ಲ, ನೇರವಾಗಿ ಮನೆ ತೋರಿಸಿದ್ರು. ಆ ಊರಲ್ಲಿ ಆಕೆ ಹೆಸರೇ "ಗುಬ್ಬಿಯಮ್ಮ" ಅಂತ ಆಗಿಹೋಗಿತ್ತು. ನಾವು ಆಕೇನ ಮರೆತಿದ್ವಿ, ಆಕೆ ಊರಿನ ಹೆಸರನ್ನೇ ಹೊತ್ಕೊಂಡು ಬದುಕಿದ್ಲು.

ಆಕೆ ಹೋಗಿ ಮೂವತ್ತು ವರ್ಷದ ಮೇಲಾಗಿದೆ. ಮಗ ಇದ್ದಾರೆ, ಎಪ್ಪತ್ತು ದಾಟಿದ್ದಾರೆ. ನಮ್ಮಪ್ಪನಿಗೆ ಸೋದರತ್ತೆ ಮಗ, ಅಂದ್ರೆ ಭಾವ. ನಂಗೆ ಮಾವ ಆಗ್ಬೇಕು. ಐವತ್ತು ದಾಟಿದ ಮೇಲೆ ನಂಗೊಬ್ರು ಹೊಸಾ ಮಾವ! ನಾವು ಯಾರು ಅಂತ ಹೇಳಿದ್ಮೇಲೆ ಅವ್ರು ಒಂದು ಗಳಿಗೆ ಮಾತಾಡ್ಲಿಲ್ಲ. "ಈಗ ಬಂದ್ರಾ?" ಅಂದ್ರು. ಬೈದಂಗೂ ಇರ್ಲಿಲ್ಲ, ಕರೆದಂಗೂ ಇರ್ಲಿಲ್ಲ. ಸೊಸೆ ಚಾಪೆ ಹಾಸಿ ನೀರು ಕೊಟ್ಳು. ನಾನು ಮುಯ್ಯಿ ಪುಸ್ತಕ ತೆಗೆದು ಆ ಸಾಲು ತೋರಿಸ್ದೆ. ಮಾವ ಕನ್ನಡಕ ಹಾಕ್ಕೊಂಡು ಬೆರಳಿಟ್ಟು ಓದಿದ್ರು. "ಈ ಐದು ರೂಪಾಯಿ ನಮ್ಮವ್ವ ಹುಣಸೇಹಣ್ಣು ಕುಟ್ಟಿ ಮಾರಿದ್ದು" ಅಂದ್ರು.

ಆಮೇಲೆ ಮಾತು ಬಂತು. ಗೌರಿ ಹಬ್ಬ ಬಂದ್ರೆ ಎಲ್ಲಾ ಹೆಂಗಸರಿಗೂ ತವರಿಂದ ಅರಿಶಿನ-ಕುಂಕುಮಕ್ಕೆ ದುಡ್ಡೋ, ಬಳೆಯೋ ಬರ್ತದಲ್ಲ. ಈ ಮನೆಗೆ ಬರ್ತಿರ್ಲಿಲ್ಲ. ಹಬ್ಬದ ಹಿಂದಿನ ದಿನ ಮಾವನ ಅಪ್ಪ ಕುಣಿಗಲ್ ಸಂತೆಗೆ ಹೋಗಿ ಹಸಿರು ಬಳೆ, ಹೂವ ತಂದು "ನಿನ್ನ ತವರಿಂದ ಕೊಟ್ಟು ಕಳ್ಸವ್ರೆ" ಅಂತ ಕೊಡ್ತಿದ್ರಂತೆ. "ಅವ್ವಂಗೆ ಗೊತ್ತಿತ್ತು ಕಣವ್ವ. ಗೊತ್ತಿದ್ದೂ 'ನಮ್ಮಣ್ಣ ಕಳ್ಸವ್ನೆ' ಅಂತ ಬೀದಿಗೆಲ್ಲಾ ಕೈ ತೋರಿಸ್ಕೊಂಡು ಬರೋಳು" ಅಂದ್ರು ಮಾವ. ನಮ್ಮಣ್ಣ ಎದ್ದು ಹೊರಗೆ ಹೋಗಿ ನಿಂತ್ಕೊಂಡ. ನನ್ನ ಕೈಲೂ ನೀರಿನ ಲೋಟ ಹಿಡಿಯೋಕಾಗ್ಲಿಲ್ಲ.

ಮಹಾಲಯ ಅಮಾವಾಸ್ಯೇಲಿ ಅವ್ರು ಹಿರಿಯರಿಗೆ ಎಡೆ ಇಡೋವಾಗ ತಾಯಿ ತವರೋರಿಗೂ ಒಂದು ಎಲೆ ಹಾಕ್ತಾರಂತೆ. ತಾಯಿ ಹೇಳಿಕೊಟ್ಟಿದ್ದು. ನಮ್ಮ ಅಜ್ಜನಿಗೆ ಅಲ್ಲಿ ಎಡೆ ಬೀಳ್ತಿತ್ತು. ನಮ್ಮನೇಲಿ ಅಜ್ಜನ ತಂಗಿಗೆ ಬೀಳ್ತಿರ್ಲಿಲ್ಲ.

ಊರಿಗೆ ಬಂದು ಹೇಳಿದ್ರೆ ಎಲ್ರಿಗೂ ಖುಷಿ ಆಯ್ತು ಅಂತ ಬರೆದ್ರೆ ಸುಳ್ಳಾಗ್ತದೆ. ಖಾತೆ ಆಗೋ ಹೊತ್ತಲ್ಲಿ ಇದೆಲ್ಲಾ ಯಾಕೆ ಕೆದಕ್ತೀಯ, ನಾಳೆ ಪಾಲು ಅಂತ ಬಂದ್ರೆ ಅಂದೋರು ಇದ್ರು. ಅವ್ರಿಗೆ ನಾನು ಹೇಳಿದ್ದು ಇಷ್ಟೆ. ಕಚೇರಿಗೆ ಕೊಡೋ ವಂಶವೃಕ್ಷ ಖಾತೆದಾರನಿಂದ ಕೆಳಕ್ಕೆ ಇಳೀತದೆ, ಅವನ ಹೆಂಡತಿ, ಮಕ್ಕಳು, ಮೊಮ್ಮಕ್ಕಳು. ಅಜ್ಜನ ಒಡಹುಟ್ಟಿದೋರು ಅದರಲ್ಲಿ ಬರೋದೇ ಇಲ್ಲ. ಆ ಕಾಗದ ಜಮೀನಿಗೆ. ನಾನು ಬರೀತಿರೋದು ಮನೆಗೆ. ಮಾವನೂ ಅದನ್ನೇ ಅಂದ್ರು: "ಮಣ್ಣು ಬ್ಯಾಡ ಕಣವ್ವ, ನಮ್ಮವ್ವನ ಹೆಸ್ರು ಬರ್ಕಳಿ ಸಾಕು." ಚಿಕ್ಕಪ್ಪನಿಗೆ ಈ ಮಾತು ತಲುಪಿಸಿದ್ಮೇಲೆ ಎರಡು ದಿನ ಸುಮ್ನಿದ್ರು. ಆಮೇಲೆ ಅವರೇ ಹೆಳವನಿಗೆ ಫೋನ್ ಮಾಡಿ, ಮುಂದಿನ್ಸಲ ಬಂದಾಗ ಇಬ್ಬರು ಹೆಣ್ಮಕ್ಕಳ ಹೆಸರೂ ಪುಸ್ತಕದಲ್ಲಿ ಬರೀಬೇಕು ಅಂದ್ರು. ಹೋದ ಗೌರಿ ಹಬ್ಬಕ್ಕೆ ನಮ್ಮಣ್ಣ ಮಾವನ ಮನೆ ಹೆಣ್ಮಕ್ಕಳಿಗೆ ಬಳೆ ದುಡ್ಡು ಕಳ್ಸಿದ. ನಮ್ಮತ್ತೆ ಅಮಾವಾಸ್ಯೇಲಿ ಒಂದು ಎಲೆ ಹೆಚ್ಚಿಗೆ ಹಾಕಿಸಿ, ಆಕೆಗೆ ಇಷ್ಟ ಅಂತ ಮಗ ಹೇಳಿದ್ದ ಕಜ್ಜಾಯ ಇಟ್ರು.

ಈಗ ನಿಮಗೆ ಒಂದು ಮಾತು. ಹುಟ್ಟು-ಸಾವು ಬರೆಸೋದು ಇಡೀ ದೇಶಕ್ಕೆ ಒಂದೇ ತರ ಕಡ್ಡಾಯ ಆಗಿದ್ದು 1969ರ ಕಾಯ್ದೆಯಿಂದ. ಅದಕ್ಕೂ ಹಿಂದಿನ ಹಳ್ಳಿ ಹೆಂಗಸರ ಹೆಸರು ಕಚೇರೀಲಿ ಹುಡುಕಿದ್ರೆ ಸಿಗೋದು ಕಷ್ಟ. ಮನೇಲಿ ಹುಡುಕಿ. ಅಟ್ಟದ ಮೇಲಿನ ಮುಯ್ಯಿ ಪುಸ್ತಕ ತೂಕಕ್ಕೆ ಹಾಕ್ಬೇಡಿ. ಹಳೇ ಹಿತ್ತಾಳೆ ತಂಬಿಗೆ, ತಟ್ಟೆ ತಿರುಗಿಸಿ ನೋಡಿ, ಕೊಟ್ಟೋರ ಹೆಸರು ಕೊರೆಸಿರ್ತಾರೆ. ಹಳೇ ಲಗ್ನಪತ್ರಿಕೆ ಇದ್ರೆ ಮೊಬೈಲಲ್ಲಿ ಫೋಟೋ ತೆಗೆದಿಡಿ. ಹೆಳವರು ಬಂದ್ರೆ ಬಾಗಿಲು ಹಾಕ್ಬೇಡಿ, ಕೂರಿಸಿ ಓದ್ಸಿ, ನಿಮ್ಮನೆ ಹೆಣ್ಮಕ್ಕಳ ಹೆಸರು ಹೇಳಿ ಬರೆಸಿ. ಜಮೀನಿನದ್ದು ಬೇಕಾದ್ರೆ ತಾಲ್ಲೂಕು ಕಚೇರಿ ರೆಕಾರ್ಡ್ ರೂಮಲ್ಲಿ ಹಳೇ ಕೈಬರಹದ ಪಹಣಿ, ಮ್ಯುಟೇಶನ್ ನಕಲಿಗೆ ಅರ್ಜಿ ಕೊಡಿ. ಗಂಡ ಸತ್ತು ಹೆಂಡತಿ ಹೆಸರಿಗೆ ಖಾತೆ ಆಗಿದ್ರೆ ಅಲ್ಲಿ ಅಜ್ಜೀರ ಹೆಸರು ಸಿಗ್ತದೆ.

ಎಲ್ಲಕ್ಕಿಂತ ಮೊದ್ಲು, ಮನೇಲಿ ಎಂಬತ್ತು ದಾಟಿದ ಹೆಂಗಸರು ಇದ್ರೆ ಈ ವಾರವೇ ಹೋಗಿ ಹತ್ರ ಕೂತ್ಕೊಳಿ. "ವಂಶ ಹೇಳಿ" ಅಂದ್ರೆ "ನಂಗೇನ್ ಗೊತ್ತವ್ವ" ಅಂತಾರೆ. "ನಿಮ್ಮ ಮದುವೆಗೆ ಯಾರು ಬರ್ಲಿಲ್ಲ?" ಅಂತ ಕೇಳಿ.