ಜ್ಞಾನಭಾರತಿಯ ಆಸುಪಾಸಿನ ವಿದೇಶಿ ಸಂಶೋಧಕರು

ಮೈಸೂರು ರಸ್ತೆಗೂ ನಾಗರಭಾವಿಗೂ ನಡುವೆ ಹಬ್ಬಿರುವ ಜ್ಞಾನಭಾರತಿ ಆವರಣದ ವಿಸ್ತಾರ ಸುಮಾರು 1,100 ಎಕರೆ. ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಬೇರೆಯಾದಾಗ ಅದರ ನೆಲೆ ಊರ ನಡುವಿನ ಸೆಂಟ್ರಲ್ ಕಾಲೇಜು. ಎಚ್. ನರಸಿಂಹಯ್ಯನವರು ಕುಲಪತಿಗಳಾಗಿದ್ದ 1970ರ ದಶಕದಲ್ಲಿ ಸ್ನಾತಕೋತ್ತರ ವಿಭಾಗಗಳು ಊರ ಹೊರಗಿನ ಈ ಬಯಲಿಗೆ ಬರತೊಡಗಿದವು. ಆವರಣದ ಮಗ್ಗುಲಲ್ಲೇ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್, ನೆಲೆಯೂರಿತು. 1990ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಕಾನೂನು ಶಾಲೆಯೂ ನಾಗರಭಾವಿಗೆ ಬಂತು. ಹೀಗೆ ಮೂರು ವಿದ್ಯಾಸಂಸ್ಥೆಗಳು ಒಂದೇ ಕಡೆ ಕೂಡಿದ್ದರಿಂದ, ರಾಗಿ ಹೊಲ ಮತ್ತು ನೀಲಗಿರಿ ತೋಪುಗಳ ಈ ಭಾಗದಲ್ಲಿ ಹೊರದೇಶದ ವಿದ್ಯಾರ್ಥಿಗಳು ಬಾಡಿಗೆ ಮನೆ ಹುಡುಕುವುದು ಮಾಮೂಲಾಯಿತು.

ಬಂದವರ ದೇಶಗಳು ಕಾಲಕಾಲಕ್ಕೆ ಬದಲಾಗಿವೆ. 1970 ಮತ್ತು 80ರ ದಶಕಗಳಲ್ಲಿ ಬೆಂಗಳೂರಿನಲ್ಲಿ ಇರಾನಿ ವಿದ್ಯಾರ್ಥಿಗಳು ಎದ್ದು ಕಾಣುತ್ತಿದ್ದರು. ಆಮೇಲೆ ಸುಡಾನ್, ಯೆಮೆನ್, ಇರಾಕ್, ಟಾಂಜಾನಿಯಾ, ಕಾಂಗೊ, ಅಫ್ಘಾನಿಸ್ತಾನಗಳಿಂದ ಬಂದವರು ಹೆಚ್ಚಿದರು. ನೇಪಾಳ, ಬಾಂಗ್ಲಾದೇಶಗಳವರು ಎಲ್ಲ ಕಾಲದಲ್ಲೂ ಇದ್ದರು. ಕೆಲವರು 1950ರಲ್ಲಿ ಆರಂಭವಾದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನದ ಮೇಲೆ ಬಂದರೆ, ಉಳಿದವರು ಮನೆಯ ದುಡ್ಡಿನಿಂದ ಬಂದವರು. ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬಹುದು, ಯೂರೋಪಿಗೆ ಹೋಲಿಸಿದರೆ ಖರ್ಚು ಕಡಿಮೆ, ಸೆಕೆಯೂ ವಿಪರೀತವಲ್ಲ: ಬೆಂಗಳೂರನ್ನು ಆರಿಸಿಕೊಳ್ಳಲು ಇವೇ ಸಾಮಾನ್ಯ ಕಾರಣಗಳು.

ಹಾಸ್ಟೆಲಿನಲ್ಲಿ ಜಾಗ ಸಿಗದವರು ಮಲ್ಲತ್ತಹಳ್ಳಿ, ನಾಗರಭಾವಿ, ಕೆಂಗೇರಿ ಉಪನಗರಗಳತ್ತ ಹೊರಡುತ್ತಿದ್ದರು. 1990ರ ದಶಕದಲ್ಲಿ ಈ ಬಡಾವಣೆಗಳಲ್ಲಿ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ಕಟ್ಟಿದ ಮನೆಯ ಕೆಳಗಡೆ ಮಾಲೀಕರ ಸಂಸಾರ, ಮಹಡಿಯ ಮೇಲೆ ಒಂದು ರೂಮು, ಅಡುಗೆಮನೆ, ನೀರಿನ ಸಿಂಟೆಕ್ಸು. ಗೇಟಿಗೆ ತೂಗುಹಾಕಿದ ‘ಟು ಲೆಟ್’ ಬೋರ್ಡೇ ಜಾಹೀರಾತು. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಡಬೇಕು, ಖಾಲಿ ಮಾಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಕರಾರು ಹನ್ನೊಂದು ತಿಂಗಳಿಗೆ ಮಾತ್ರ. ಈ ಬೆಂಗಳೂರು ಪದ್ಧತಿ ದಾರುಸ್ಸಲಾಮಿನಿಂದ ಬಂದವನಿಗೂ ಹೊಸದು, ರಾಯಚೂರಿನಿಂದ ಬಂದವನಿಗೂ ಹೊಸದು. ವಿದ್ಯಾರ್ಥಿವೇತನದ ಮೊದಲ ಕಂತು ಕೈಸೇರುವ ಮುಂಚೆ ಹತ್ತು ತಿಂಗಳ ಬಾಡಿಗೆ ಒಟ್ಟುಮಾಡುವುದು ಅಸಾಧ್ಯವಾದ್ದರಿಂದ, ಒಂದೇ ದೇಶದ ಮೂರು ನಾಲ್ಕು ಜನ ಸೇರಿ ಒಂದು ಮನೆ ಹಿಡಿಯುತ್ತಿದ್ದರು. ಒಬ್ಬ ಊರಿಗೆ ಹೊರಟರೆ ಅವನ ಪಾಲಿನ ಅಡ್ವಾನ್ಸನ್ನು ಹೊಸದಾಗಿ ಬಂದವನು ಕೊಟ್ಟು ಅದೇ ರೂಮಿಗೆ ಸೇರಿಕೊಳ್ಳುತ್ತಿದ್ದ. ಹಾಗಾಗಿ ಕೆಲವು ಮನೆಗಳು ವರ್ಷಗಟ್ಟಲೆ ‘ಸುಡಾನಿನವರ ಮನೆ’, ‘ಇರಾನಿನವರ ಮನೆ’ ಎಂದೇ ಬೀದಿಯಲ್ಲಿ ಗುರುತಾಗಿದ್ದವು.

ಕನ್ನಡದಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವನು ಎಂಬುದಕ್ಕಿಂತ ದಿಕ್ಕಿಲ್ಲದವನು ಎಂಬ ಅರ್ಥವೇ ಬಳಕೆಯಲ್ಲಿ ಹೆಚ್ಚು. ಮನೆ ಹುಡುಕುವ ತಿಂಗಳಲ್ಲಿ ಎರಡು ಅರ್ಥವೂ ಒಂದೇ ಆಗುತ್ತಿತ್ತು. ಮಾಂಸ ಬೇಯಿಸುತ್ತೀರಾ, ಎಷ್ಟು ಜನ ಇರುತ್ತೀರಿ, ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀರಿ ಎಂಬ ಪ್ರಶ್ನೆಗಳನ್ನು ಊರಿನ ಬ್ರಹ್ಮಚಾರಿ ಹುಡುಗರೂ ಎದುರಿಸುತ್ತಿದ್ದರು. ಆಫ್ರಿಕಾದವರಿಗೆ ಮಾತ್ರ ಎಷ್ಟೋ ಸಲ ಪ್ರಶ್ನೆಯನ್ನೂ ಕೇಳದೆ ‘ಮನೆ ಹೋಯ್ತು’ ಎಂದುಬಿಡುತ್ತಿದ್ದರು. ಬೋರ್ಡು ಗೇಟಿನ ಮೇಲೆ ಹಾಗೇ ಇರುತ್ತಿತ್ತು. 2016ರ ಜನವರಿ ಕೊನೆಯಲ್ಲಿ ನಗರದ ವಾಯವ್ಯ ಭಾಗದ ಹೆಸರಘಟ್ಟ ರಸ್ತೆಯ ಬಳಿ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ನಡೆಸಿದಾಗ ಆಫ್ರಿಕಾದವರ ಬಗೆಗಿನ ಈ ತಾರತಮ್ಯ ದೇಶದಾದ್ಯಂತ ಚರ್ಚೆಗೆ ಬಂತು.

ಮನೆ ಸಿಕ್ಕಿದ ಮೇಲೆ ಕಾಗದಪತ್ರಗಳ ಕೆಲಸ ಶುರು. 180 ದಿನಗಳಿಗಿಂತ ಹೆಚ್ಚಿನ ವೀಸಾ ಮೇಲೆ ಬಂದ ವಿದ್ಯಾರ್ಥಿ ದೇಶಕ್ಕೆ ಕಾಲಿಟ್ಟ 14 ದಿನಗಳೊಳಗೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯಲ್ಲಿ, ಅಂದರೆ ಎಫ್‌ಆರ್‌ಆರ್‌ಒದಲ್ಲಿ, ಹೆಸರು ದಾಖಲಿಸಬೇಕು. ವಿದೇಶಿಯನಿಗೆ ಇರಲು ಜಾಗ ಕೊಟ್ಟವರು 24 ಗಂಟೆಯೊಳಗೆ ಫಾರಂ ‘ಸಿ’ ಭರ್ತಿಮಾಡಿ ಕೊಡಬೇಕಿತ್ತು. ಹೋಟೆಲುಗಳಿಗೆ ಇದು ದಿನನಿತ್ಯದ ಕೆಲಸ. ಮಹಡಿ ಮನೆಯನ್ನು ಬಾಡಿಗೆಗೆ ಕೊಟ್ಟ ನಿವೃತ್ತ ಮೇಷ್ಟರಿಗೆ ಪೊಲೀಸ್ ವ್ಯವಹಾರ. ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಈ ಕಚೇರಿಗೆ ಕೆಂಗೇರಿಯಿಂದ ಹೋಗಿ ಬರಲು ಒಂದು ದಿನವೇ ಹಿಡಿಯುತ್ತಿತ್ತು. ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಭಾವಚಿತ್ರ, ವಿಶ್ವವಿದ್ಯಾಲಯದ ಬೋನಫೈಡ್, ಬಾಡಿಗೆ ಕರಾರು, ಮಾಲೀಕರ ಗುರುತಿನ ಪತ್ರ ಇವುಗಳಲ್ಲಿ ಒಂದು ಇಲ್ಲದಿದ್ದರೂ ಮತ್ತೆ ಬರಬೇಕಿತ್ತು. ವೀಸಾ ಅವಧಿ ವಿಸ್ತರಿಸುವಾಗಲೂ ಇದೇ ಸುತ್ತು. ಪಿಎಚ್‌.ಡಿ. ನಾಲ್ಕೈದು ವರ್ಷ ಎಳೆದರೆ ಇದೂ ಅಷ್ಟೇ ಸಲ.

2018ರಲ್ಲಿ ಇ-ಎಫ್‌ಆರ್‌ಆರ್‌ಒ ವ್ಯವಸ್ಥೆ ಬಂದ ಮೇಲೆ ಈ ಕೆಲಸದ ಬಹುಪಾಲು ಕಂಪ್ಯೂಟರಿಗೆ ಹೋಯಿತು. ದಾಖಲೆಗಳನ್ನು ಸ್ಕ್ಯಾನ್ ಮಾಡಿ ಏರಿಸಿದರೆ ಪರವಾನಗಿ ಇ-ಮೇಲಿಗೆ ಬರುತ್ತದೆ. ಕಚೇರಿಯವರು ಕರೆದರೆ ಮಾತ್ರ ಶಾಂತಿನಗರಕ್ಕೆ ಹೋಗಬೇಕು. ಕಪ್ಪುಬಿಳುಪು ಪ್ರತಿ ತೆಗೆಯುತ್ತಿದ್ದ ಜೆರಾಕ್ಸ್ ಅಂಗಡಿಗಳು ಸ್ಕ್ಯಾನಿಂಗ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿಗಳಾದವು. ಯಾವ ಕಡತ ಎಷ್ಟು ಕೆಬಿ ಮೀರಬಾರದು ಎಂಬುದು ಅಂಗಡಿಯ ಹುಡುಗನಿಗೆ ಬಾಯಿಪಾಠ.

ಅಡುಗೆಯ ವಿಷಯದಲ್ಲಿ ಈ ಭಾಗ ಪೂರ್ವ ಆಫ್ರಿಕಾದವರಿಗೆ ಮೊದಲಿನಿಂದಲೂ ಒಗ್ಗಿದೆ. ಕೀನ್ಯಾ, ಟಾಂಜಾನಿಯಾಗಳಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿನಲ್ಲಿ ತೊಳಸಿ ಮಾಡುವ ‘ಉಗಾಲಿ’ಗೂ ಮಲ್ಲತ್ತಹಳ್ಳಿಯ ಮೆಸ್ಸಿನ ರಾಗಿ ಮುದ್ದೆಗೂ ಮಾಡುವ ಬಗೆ ಹೆಚ್ಚುಕಡಿಮೆ ಒಂದೇ. ಕೈಯಲ್ಲಿ ಮುರಿದು ಸಾರಿನಲ್ಲಿ ಅದ್ದುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಚ್ಚದೆ ನುಂಗುವುದನ್ನಷ್ಟೇ ಇಲ್ಲಿ ಕಲಿಯಬೇಕು. ರಾಗಿಯ ಮೂಲವೂ ಪೂರ್ವ ಆಫ್ರಿಕಾದ ಎತ್ತರದ ನಾಡು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ನಾಡಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರಸಿ ತೆಗೆದ ತಳಿಗಳಿಗೆ ‘ಇಂಡಾಫ್’ ಎಂದು ಹೆಸರಿಟ್ಟರು. ಇಂಡಿಯಾ, ಆಫ್ರಿಕಾ ಎರಡೂ ಅದರಲ್ಲಿವೆ. ಹಳೆ ಮೈಸೂರಿನ ಹೊಲಗಳಲ್ಲಿ ಇಳುವರಿ ಏರಿದ್ದು ಈ ತಳಿಗಳಿಂದ.

ದಕ್ಷಿಣ ಅಮೆರಿಕದಿಂದ ಬರುವವರು ಅಪರೂಪ. ಆದರೆ ಆ ಖಂಡದ ಬೆಳೆಗಳು ವಿಜಯನಗರದ ಮಾರುಕಟ್ಟೆಯ ಗಾಡಿಗಳ ಮೇಲೆ ದಿನವೂ ಇರುತ್ತವೆ. ಸೀಬೆ, ಅನಾನಸ್, ಮರಗೆಣಸು, ಮೆಣಸಿನಕಾಯಿ ಅಮೆರಿಕ ಖಂಡಗಳ ಮೂಲದವು. ಗೋಡಂಬಿಯನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ಇಂಡಿಯಾದ ಪಶ್ಚಿಮ ಕರಾವಳಿಗೆ ತಂದರು. ಅದೇ ದಿಕ್ಕಿನಿಂದ ಬಂದ ಇನ್ನೊಂದು ಹಣ್ಣಿಗೆ ಕನ್ನಡಿಗರು ‘ಪರಂಗಿ’, ಎಂದರೆ ಫರಂಗಿಯವರದು, ಎಂದು ಹೆಸರಿಟ್ಟು ಹಿತ್ತಲಲ್ಲಿ ನೆಟ್ಟುಕೊಂಡರು. ಬ್ರೆಜಿಲ್‌ನಲ್ಲಿ ಅನ್ನ ಮತ್ತು ಬೇಯಿಸಿದ ಹುರುಳಿಕಾಯಿ ಜಾತಿಯ ಕಾಳು ದಿನದ ಊಟ; ಇಲ್ಲಿ ಅನ್ನ, ಹುಳಿ. ತಟ್ಟೆಯಲ್ಲಿ ದೂರವೆನಿಸುವುದು ಖಾರ ಮಾತ್ರ.

ಊರಿನೊಂದಿಗೆ ಮಾತಾಡುವ ದಾರಿ ಎಲ್ಲಕ್ಕಿಂತ ಬೇಗ ಬದಲಾಯಿತು. ಮೊದಲಿಗೆ ಏರೋಗ್ರಾಮ್ ಕಾಗದ. ಹೋಗಿ ಉತ್ತರ ಬರಲು ತಿಂಗಳು. 1980ರ ದಶಕದ ಕೊನೆಯಿಂದ ಹಳದಿ ಬೋರ್ಡಿನ ಎಸ್‌ಟಿಡಿ, ಐಎಸ್‌ಡಿ ಬೂತುಗಳು ಬಂದವು. ಗಾಜಿನ ಗೂಡಿನೊಳಗೆ ರಿಸೀವರ್ ಹಿಡಿದು ನಿಂತವನ ಕಣ್ಣು ಮೀಟರಿನ ಕೆಂಪು ಅಂಕಿಗಳ ಮೇಲೆ. ಟಾಂಜಾನಿಯಾದ ಗಡಿಯಾರ ಇಲ್ಲಿಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಮನೆಮಂದಿ ಕೆಲಸ ಮುಗಿಸಿ ಸೇರುವ ಹೊತ್ತಿಗೆ ಇಲ್ಲಿ ಹತ್ತು ಗಂಟೆ. ಅದಕ್ಕಾಗಿ ನಾಗರಭಾವಿಯ ಬೂತುಗಳು ರಾತ್ರಿ ತಡವಾಗಿ ಮುಚ್ಚುತ್ತಿದ್ದವು. 1995ರಲ್ಲಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್‌ನೆಟ್ ಕೊಟ್ಟ ಕೆಲವು ವರ್ಷಗಳಲ್ಲಿ ಬೂತುಗಳ ಪಕ್ಕ ಸೈಬರ್ ಕೆಫೆಗಳು ಎದ್ದವು. ರಿಜಿಸ್ಟರಿನಲ್ಲಿ ಹೆಸರು ಬರೆದು, ಗುರುತಿನ ಚೀಟಿ ತೋರಿಸಿ, ಗಂಟೆಯ ಲೆಕ್ಕದಲ್ಲಿ ಕೂರಬೇಕು. ಸ್ಮಾರ್ಟ್‌ಫೋನ್ ಬಂದ ಮೇಲೆ ಎರಡೂ ಕಣ್ಮರೆಯಾದವು. ಬೂತು ನಡೆಸುತ್ತಿದ್ದವರಲ್ಲಿ ಹಲವರು ಮೊಬೈಲ್ ರಿಪೇರಿ, ಕೊರಿಯರ್, ಬೇಕರಿಗಳಿಗೆ ತಿರುಗಿದರು.

ಸಂಶೋಧನೆಯ ದಿನಚರಿಯೂ ಈ ಅಂಗಡಿ ಸಾಲಿನೊಂದಿಗೇ ಬದಲಾಗುತ್ತ ಬಂತು. ಬೆಳಿಗ್ಗೆ ಗ್ರಂಥಾಲಯದಲ್ಲಿ ಟಿಪ್ಪಣಿ, ಮಧ್ಯಾಹ್ನ ಗೈಡ್ ಸಿಗುವವರೆಗೆ ವಿಭಾಗದ ಮೆಟ್ಟಿಲ ಮೇಲೆ ಕಾಯುವುದು, ಸಂಜೆ ಜೆರಾಕ್ಸ್. ‘ಅಣ್ಣ, ಬ್ಯಾಕ್ ಟು ಬ್ಯಾಕ್ ಹಾಕಿ’ ಎಂಬುದು ಎಷ್ಟೋ ವಿದೇಶಿಯರು ಆಡಿದ ಮೊದಲ ಪೂರ್ಣ ಕನ್ನಡ ವಾಕ್ಯ. ಅದರಲ್ಲಿ ಅರ್ಧ ಇಂಗ್ಲಿಷ್. ಪ್ರಬಂಧವನ್ನು ಮೊದಲು ಟೈಪಿಸ್ಟರು ಕಾರ್ಬನ್ ಇಟ್ಟು ಬೆರಳಚ್ಚು ಮಾಡುತ್ತಿದ್ದರು. ಒಂದು ಅಧ್ಯಾಯ ತಿದ್ದಿದರೆ ಪುಟಗಳನ್ನೆಲ್ಲ ಮತ್ತೆ ಹೊಡೆಯಬೇಕು. 1990ರ ದಶಕದಲ್ಲಿ ಡಿಟಿಪಿ ಸೆಂಟರುಗಳು ಆ ಕೆಲಸವನ್ನು ಕೈಗೆತ್ತಿಕೊಂಡವು. ಮುಂದೆ ಪಕ್ಕದ ಕುರ್ಚಿಯಲ್ಲಿ ಕನ್ನಡ ವಿಭಾಗದವರು ಬರಹ, ನುಡಿ ತಂತ್ರಾಂಶಗಳಲ್ಲಿ ತಮ್ಮ ಪ್ರಬಂಧ ಮಾಡಿಸುತ್ತಿದ್ದರು. ಕೊನೆಗೆ ಕಪ್ಪು ಅಥವಾ ಕಡುನೀಲಿ ರೆಕ್ಸಿನ್ ಹೊದಿಕೆ, ಚಿನ್ನದ ಬಣ್ಣದ ಅಕ್ಷರ, ಹಾರ್ಡ್ ಬೈಂಡಿಂಗ್. ಆಫ್ರಿಕಾ, ಅರಬ್ ನಾಡುಗಳ ಉದ್ದ ಹೆಸರುಗಳನ್ನು ಬೆನ್ನುಪಟ್ಟಿಯ ಅಗಲಕ್ಕೆ ಹೊಂದಿಸುವುದು ಬೈಂಡರಿಗೆ ಒಂದು ಕುಶಲ ಕೆಲಸ.

ಯುಜಿಸಿಯ 2009ರ ನಿಯಮಗಳು ಪ್ರವೇಶ ಪರೀಕ್ಷೆ, ಕೋರ್ಸ್‌ವರ್ಕ್‌ಗಳನ್ನು ಕಡ್ಡಾಯ ಮಾಡಿದವು. ಪ್ರಬಂಧದ ಡಿಜಿಟಲ್ ಪ್ರತಿಯನ್ನೂ ಕೇಳಿದವು. ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಭಂಡಾರಕ್ಕೆ ಪ್ರಬಂಧಗಳು ಸೇರತೊಡಗಿದ ಮೇಲೆ, ಹಳೆಯ ಪ್ರಬಂಧ ನೋಡಲು ಗ್ರಂಥಾಲಯದ ಬೀರುವಿನ ಮುಂದೆ ನಿಲ್ಲಬೇಕಾಗಿಲ್ಲ. 2018ರ ನಿಯಮದಂತೆ ಕೃತಿಚೌರ್ಯದ ತಪಾಸಣೆಯಲ್ಲಿ ಶೇ 10ರವರೆಗಿನ ಹೋಲಿಕೆಗೆ ಮಾತ್ರ ರಿಯಾಯಿತಿ. ವೈವಾಕ್ಕೆ ಮುಂಚೆ ಈಗ ಕೇಳಿಬರುವ ಪ್ರಶ್ನೆ ‘ಪರ್ಸೆಂಟೇಜ್ ಎಷ್ಟು ಬಂತು?’

ಸಮಾಜಶಾಸ್ತ್ರ, ಅರ್ಥಶಾಸ್ತ್ರದವರಿಗೆ ಕ್ಷೇತ್ರಕಾರ್ಯ ಬೇರೆ. ಮೈಸೂರು ರಸ್ತೆಯಲ್ಲಿ ಬಸ್ ಹಿಡಿದರೆ ಬಿಡದಿ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರ. ಪ್ರಶ್ನಾವಳಿ ಹಿಡಿದು ಹೋಗುವ ವಿದೇಶಿಯ ಜತೆಗೆ ಮಾತು ದಾಟಿಸಲು ಹೋಗುತ್ತಿದ್ದವನು ಹಾಸ್ಟೆಲಿನ ಗೆಳೆಯ, ಕಲಬುರಗಿಯವನೋ ಬೀದರಿನವನೋ. ಹಳ್ಳಿಯವರು ವಿದೇಶಿಯನ್ನು ನೋಡಿ ನಕ್ಕು, ಗೆಳೆಯನ ಕನ್ನಡ ಕೇಳಿ ‘ನಿಮ್ದು ಯಾವೂರು ಸ್ವಾಮಿ?’ ಎನ್ನುತ್ತಿದ್ದರು. ಬಹುದಿನ ಇದ್ದವರಿಗೆ ಭಾಷೆಯ ಒಳಗುಟ್ಟುಗಳೂ ತಿಳಿದವು: ‘ಊಟ ಆಯ್ತಾ?’ ಎಂದರೆ ಊಟಕ್ಕೆ ಕರೆದಂತಲ್ಲ, ಹೊರಡುವಾಗ ‘ಹೋಗ್ತೀನಿ’ ಎನ್ನಬಾರದು, ‘ಬರ್ತೀನಿ’ ಎನ್ನಬೇಕು.

ಓಡಾಟದ ಬದಲಾವಣೆ ತೀರ ಇತ್ತೀಚಿನದು. ಮೆಜೆಸ್ಟಿಕ್ಕಿನಿಂದ ಮೈಸೂರು ರಸ್ತೆಯ ದಟ್ಟಣೆಯಲ್ಲಿ, ವೃಷಭಾವತಿಯ ವಾಸನೆ ಕುಡಿಯುತ್ತ ಬಸ್ಸಿನಲ್ಲಿ ಬರುವುದು ಹಲವು ತಲೆಮಾರುಗಳ ಅನುಭವ. ಮೆಟ್ರೊ ನೇರಳೆ ಮಾರ್ಗ 2015ರಲ್ಲಿ ಮೈಸೂರು ರಸ್ತೆ ನಿಲ್ದಾಣ ಮುಟ್ಟಿತು. 2021ರ ಆಗಸ್ಟ್‌ನಲ್ಲಿ ಕೆಂಗೇರಿವರೆಗೆ ಬಂದಾಗ ಜ್ಞಾನಭಾರತಿ ಹೆಸರಿನದೇ ನಿಲ್ದಾಣವಾಯಿತು. 2023ರಲ್ಲಿ ಮಾರ್ಗ ಚಲ್ಲಘಟ್ಟಕ್ಕೆ ಬೆಳೆಯಿತು. ಮೆಟ್ರೊ ಬಂದ ಬಡಾವಣೆಗಳಲ್ಲಿ ಬಾಡಿಗೆಯೂ ಏರಿತು. ಮಹಡಿ ಮನೆಗಳ ಜಾಗದಲ್ಲಿ ನಾಲ್ಕಂತಸ್ತಿನ ಪಿಜಿಗಳು ಎದ್ದವು.

ಮೆಟ್ರೊ ಬರುವ ಮುಂಚಿನ ವರ್ಷ ಎಲ್ಲವೂ ನಿಂತಿತ್ತು. 2020ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ವಿಮಾನಗಳು ಬಂದ್ ಆದಾಗ ಊರಿಗೆ ಮರಳಲಾಗದ ವಿದ್ಯಾರ್ಥಿಗಳು ರೂಮುಗಳಲ್ಲೇ ಉಳಿದರು. ಮಾಮೂಲಿ ವಿಮಾನ ಸಂಚಾರ ಮತ್ತೆ ಶುರುವಾದದ್ದು 2022ರ ಮಾರ್ಚ್‌ 27ರಂದು. ನಡುವೆ, 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನಿನ ಕೈಸೇರಿತು. ಇಂಡಿಯಾದ ಹೊರಗಿದ್ದ ಅಫ್ಘನ್ನರ ಹಳೆಯ ವೀಸಾಗಳು ಅಮಾನ್ಯವಾದವು. ರಜೆಗೆ ಹೋಗಿದ್ದವರು ಅಲ್ಲೇ ಸಿಕ್ಕಿಬಿದ್ದರು, ಇಲ್ಲಿದ್ದವರು ವೀಸಾ ವಿಸ್ತರಣೆಗೆ ಅರ್ಜಿ ಹಾಕುತ್ತ ಉಳಿದರು.

2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. 1946ರ ವಿದೇಶಿಯರ ಕಾಯ್ದೆ ಸೇರಿದಂತೆ ಹಳೆಯ ಕಾನೂನುಗಳ ಜಾಗಕ್ಕೆ ಅದು ಬಂದಿದೆ. ಅದರಲ್ಲೂ ವಿದೇಶಿಯರ ಮಾಹಿತಿ ಕೊಡುವ ಹೊಣೆ ವಸತಿ ಕೊಟ್ಟವರ ಮೇಲಿದೆ, ವಿದ್ಯಾಸಂಸ್ಥೆಗಳ ಮೇಲೂ ಇದೆ. ಕಾಗದ, ಫೋನು, ಪ್ರಬಂಧ, ಪ್ರಯಾಣ ಎಲ್ಲವೂ ಯಂತ್ರದ ಮೂಲಕ ಹಗುರವಾಗಿವೆ. ಆದರೆ ಅರ್ಜಿಗೆ ವಿಳಾಸ ಬೇಕು, ವಿಳಾಸಕ್ಕೆ ಕರಾರು ಬೇಕು, ಕರಾರಿನ ಕೊನೆಯ ಪುಟದಲ್ಲಿ ಮನೆ ಮಾಲೀಕರ ಸಹಿ ಬೇಕು. ಆ ಸಹಿ ಈಗಲೂ ಕೆಳಗಿನ ಮನೆಯ ಹಜಾರದಲ್ಲಿ, ಎಷ್ಟು ಜನ, ಏನು ಅಡುಗೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟಾದ ಮೇಲೆಯೇ ಬೀಳುತ್ತದೆ.