ಪಂಪಿನ ಮೇಲೊಂದು ಹಸಿ ಬಟ್ಟೆ

ನಮ್ಮ ಶಹಾಪುರದಲ್ಲಿ ಮಲಗಿದವರು ಇಬ್ಬರು. ಒಬ್ಬ, ಊರಿಗೆ ಒತ್ತಿದ ಬೆಟ್ಟಸಾಲಿನಲ್ಲಿ ಅಂಗಾತ ಮಲಗಿರುವ ಬುದ್ಧ. ಇನ್ನೊಂದು, ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದ ಅಂಬಾಸಿಡರ್. ಬುದ್ಧನನ್ನು ಎಬ್ಬಿಸುವ ಹುಚ್ಚು ಇದುವರೆಗೆ ಯಾರಿಗೂ ಹಿಡಿದಿಲ್ಲ. ಕಾರನ್ನು ಎಬ್ಬಿಸುವ ಹುಚ್ಚು ನನಗೆ ಹಿಡಿದದ್ದು ಮಾಸ್ತರಿಕೆಯಿಂದ ನಿವೃತ್ತನಾದ ಮೂರನೆಯ ತಿಂಗಳಿಗೆ.

ಅದು 1972ರ ಮಾರ್ಕ್ 2. ಅಡತಿ ಅಂಗಡಿ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ಅಪ್ಪ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಸುಗ್ಗಿಯಲ್ಲಿ ಅಪ್ಪನನ್ನು ಯಾದಗಿರಿಯ ಹತ್ತಿ ಮಿಲ್ಲಿಗೆ ಒಯ್ಯುತ್ತಿತ್ತು. ಉಳಿದಂತೆ ಓಣಿಯ ಮದುವೆ, ಹೆರಿಗೆ, ಜಾತ್ರೆ ಎಲ್ಲಕ್ಕೂ ಅದೇ. ಎಂಟು ಜನ ಕೂತರೆ ಅದು ಖಾಲಿ ಗಾಡಿ ಎಂದೇ ಲೆಕ್ಕ. ಅಪ್ಪ ಹೋದರು, ಗಾಡಿ ಮಲಗಿತು.

ಮೊದಲ ದಿನವೇ ಪೆಟ್ಟು ಬಿತ್ತು. ಹದಿಮೂರರ ಪಾನಾ ಹಾಕಿದರೆ ನಟ್ಟಿನ ಮೇಲೆ ಜಾರುತ್ತದೆ, ಹನ್ನೆರಡರದು ಒಳಗೇ ಹೋಗುವುದಿಲ್ಲ. ಹಟಕ್ಕೆ ಬಿದ್ದು ತಿರುಗಿಸಿದೆ. ನಟ್ಟಿನ ಮೂಲೆಗಳು ಸವೆದು ಅದು ಗುಂಡಗಾಯಿತು. ಆಮೇಲೆ ಗೊತ್ತಾದ ಸಂಗತಿ: ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚು ತಂದು ಬಂಗಾಳದ ಉತ್ತರಪಾರಾದಲ್ಲಿ ಕಟ್ಟುತ್ತಿದ್ದ ಈ ಗಾಡಿಯ ಎಂಜಿನ್ನಿಗೆ ಇಂಚಿನ ಲೆಕ್ಕ. ಅರ್ಧ ಇಂಚೆಂದರೆ 12.7 ಮಿಲಿಮೀಟರ್. ಮೂವತ್ತು ವರ್ಷ ಮಕ್ಕಳಿಗೆ ಈ ಲೆಕ್ಕ ಕಲಿಸಿದವನು ನಾನೇ.

ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದಳು, “ಏನ್ ಮಾಡ್ಲಾಕತ್ತೀಪಾ, ಅದರ ಹೊಟ್ಯಾಗ ಕೈ ಹಾಕಿ?” ಕಾರ್ಬ್ಯುರೇಟರ್ ಬಿಚ್ಚಿ, ಜೆಟ್ಟು, ಫ್ಲೋಟು, ಸ್ಪ್ರಿಂಗುಗಳನ್ನೆಲ್ಲ ಅವಳ ರೊಟ್ಟಿ ಹಿಟ್ಟಿನ ಪರಾತದಲ್ಲಿ ಪೆಟ್ರೋಲ್ ಹಾಕಿ ನೆನೆಸಿದ್ದೆ. ಅದು ಅವಳ ಕಣ್ಣಿಗೆ ಬಿದ್ದದ್ದು ಮರುಕ್ಷಣ. ಮುಂದಿನ ಮಾತು ಇಲ್ಲಿ ಬರೆಯುವಂಥದಲ್ಲ.

ಕೊನೆಗೆ ಅಪ್ಪನ ಕಾಲದ ಮಿಸ್ತ್ರಿಯನ್ನೇ ಹುಡುಕಿ ತಂದೆ. ಭೀಮರಾಯನಗುಡಿಯ ಕೃಷ್ಣಾ ಮೇಲ್ದಂಡೆ ಯೋಜನೆಯ ಜೀಪುಗಳ ಕೆಳಗೆ ಅಂಗಾತ ಮಲಗಿ ಕೆಲಸ ಕಲಿತವರು. ಈಗ ಕಣ್ಣು ಮಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಕೆಯನ್ನು ಕಿವಿಗೆ ಹಚ್ಚಿ ಒಳಗಿನ ಸಪ್ಪಳ ಕೇಳುತ್ತಾರೆ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವೆ ಇಂಚಿನ ಸಾವಿರದಲ್ಲಿ ಹದಿನೈದು ಭಾಗ ಸಂದಿರಬೇಕು ಎಂದು ನಾನು ಪುಸ್ತಕ ನೋಡಿ ಓದಿದೆ. ಅವರು ಜೇಬಿನಿಂದ ಯಾರದೋ ಮದುವೆ ಕಾರ್ಡು ತೆಗೆದು, ಮೂಲೆ ಹರಿದು, ಸಂದಿನಲ್ಲಿ ತೂರಿಸಿ ನೋಡಿದರು. “ಲಗ್ನದ ಕಾರ್ಡಿಗಿ ಇನ್ಯಾವ ಮಾಪರೀ ಮಾಸ್ತರ?” ನನ್ನ ಹಟಕ್ಕೆ ಫೀಲರ್ ಗೇಜ್ ಹಾಕಿದೆ. ಕೂದಲೆಳೆಯಷ್ಟೂ ಫರಕಿಲ್ಲ.

ನಮ್ಮ ಬಿಸಿಲಿನ ಒಂದು ಉಪಕಾರ ಹೇಳಲೇಬೇಕು. ಕರಾವಳಿಯಲ್ಲಿ ಇಷ್ಟು ವರ್ಷ ನಿಂತಿದ್ದರೆ ನೆಲದ ತಗಡು ತುಕ್ಕು ಹಿಡಿದು ಉದುರಿರುತ್ತಿತ್ತು. ಇಲ್ಲಿ ತಗಡು ಗಟ್ಟಿ, ರಬ್ಬರೆಲ್ಲ ಹಪ್ಪಳ. ಬ್ರೇಕ್ ಸಿಲಿಂಡರಿನ ವಾಷರು, ಪೈಪು, ಬಾಗಿಲಿನ ಬೀಡಿಂಗು ಮುಟ್ಟಿದರೆ ಮುರಿಯುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು ಆರಿಸಿ, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೊತ್ತು ತಂದು ಯಾದಗಿರಿಯಲ್ಲಿ ಇಳಿದೆ. ಬೋಗಿಯಲ್ಲಿ ಎದುರಿಗೆ ಕೂತವರೊಬ್ಬರು ನನ್ನ ತೊಡೆಯ ಮೇಲಿದ್ದ ಬಂಪರನ್ನು ರಾಯಚೂರಿನವರೆಗೂ ನೋಡಿ ಕೊನೆಗೆ, “ಕೊಟ್ಟಿಗೆಗಾ?” ಎಂದರು. ರಬ್ಬರಿನ ತಾಪತ್ರಯ ಅಷ್ಟಕ್ಕೇ ಮುಗಿಯಲಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್. ಹಳೆಯ ಪಂಪಿನ ಡಯಾಫ್ರಮ್ಮಿಗೆ ಅದು ಒಗ್ಗುವುದಿಲ್ಲ. ಅದನ್ನೂ ಬದಲಿಸಿದ್ದಾಯಿತು.

ಹಳೆಯ ಗಾಡಿಗೊಂದು ಕಾನೂನೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ ಐವತ್ತು ವರ್ಷ ದಾಟಿದ ಖಾಸಗಿ ಗಾಡಿ ‘ವಿಂಟೇಜ್’. ನಂಬರಿನಲ್ಲಿ ‘ವಿಎ’ ಅಕ್ಷರ, ಮೊದಲ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ವಾಯಿದೆ. ದಿನನಿತ್ಯ ಓಡಿಸುವಂತಿಲ್ಲ. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಡೀಸೆಲ್ ಎಂಜಿನ್ ಕೂರಿಸುವ ಗಾಳಿ ಬೀಸಿದಾಗ ಅಪ್ಪ ರೊಕ್ಕ ಬಿಚ್ಚಿರಲಿಲ್ಲ. ಅವರ ಜಿಪುಣತನ ಈಗ ಪರಂಪರೆ ಅನ್ನಿಸಿಕೊಳ್ಳುತ್ತದೆ. ಆದರೆ ಮೂಲರೂಪ ಯಾವುದು? ಬಾಗಿಲಿನ ಹಿಡಿಕೆಗೆ ಓಣಿಯ ಕಮ್ಮಾರ ಹಾಕಿದ ಬೆಸುಗೆ ನನ್ನ ಬಾಲ್ಯದಷ್ಟು ಹಳೆಯದು. ಹಿಂದಿನ ಸೀಟಿನ ಹೊಲಿಗೆ ಕೌದಿ ಹೊಲಿಗೆ. ಇವನ್ನೆಲ್ಲ ಕಿತ್ತು ಉತ್ತರಪಾರಾದಿಂದ ಬಂದ ದಿನದಂತೆ ಮಾಡಿದರೆ ಅದು ಯಾರದೋ ಕಾರಾಗುತ್ತದೆ. ಧರ್ಮಸ್ಥಳದ ಹೆಗ್ಗಡೆಯವರ ಕಾರು ಸಂಗ್ರಹದಲ್ಲಿ ಗಾಜಿನ ಹಾಗೆ ಹೊಳೆಯುವ ಗಾಡಿಗಳನ್ನು ನೋಡಿ ಬಾಯಿ ಬಿಟ್ಟವನೇ ನಾನು. ಆದರೂ ಬೆಸುಗೆಯನ್ನು ಮುಟ್ಟಲಿಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಹ್ಯಾಂಡಲ್ ಹಾಕಿ ತಿರುವಿದಾಗ ಗಾಡಿ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಎದ್ದಿತು. ಪರೀಕ್ಷೆಗೆ ಸುರಪುರವೇ ಸರಿ ಎಂದರು ಮಿಸ್ತ್ರಿ. ಅಲ್ಲಿ ಏರು ಇದೆ. 1841ರಲ್ಲಿ ಸುರಪುರಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ಗುಡ್ಡದ ಮೇಲೆ ಕಟ್ಟಿಸಿಕೊಂಡ ಮಂಜಿಲ್‌ವರೆಗೆ ಹತ್ತಿದರೆ ಗಾಡಿ ಪಾಸು. ಅವ್ವ ಹಿಂದಿನ ಸೀಟಿನಲ್ಲಿ ಕೂತಳು. ಅದು ಅವಳದೇ ಜಾಗ.

ಹತ್ತಿಗೂಡೂರು ದಾಟಿದ ಮೇಲೆ ಬಿಸಿಲು ಏರಿತು, ಗಾಡಿ ತೊದಲಿ ನಿಂತಿತು. ಕಾದ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಮುಂದಕ್ಕೆ ಸರಿಯುತ್ತಿಲ್ಲ. ಜೆ.ಸಿ. ರಸ್ತೆಯ ಹೊಸ ಡಯಾಫ್ರಮ್ಮೂ ಇದಕ್ಕೆ ಏನೂ ಮಾಡಲಾರದು. ಮಿಸ್ತ್ರಿ ಬಾನೆಟ್ ಎತ್ತಿ ನನ್ನ ಕಡೆ ನೋಡಿದರು, ನಾನು ಪುಸ್ತಕ ತೆಗೆದೆ. ಅಷ್ಟರಲ್ಲಿ ಅವ್ವ ಇಳಿದು ಬಂದು, ಚೀಲದಿಂದ ಹಳೆಯ ಇಳಕಲ್ ಸೀರೆಯ ತುಂಡು ತೆಗೆದು, ಕುಡಿಯುವ ನೀರಿನಲ್ಲಿ ಅದ್ದಿ, ಹಿಂಡಿ, ಪಂಪಿನ ಮೇಲೆ ಹಾಸಿದಳು.

“ನಿಮ್ಮಪ್ಪ ಬ್ಯಾಸಗ್ಯಾಗ ಎರಡು ತುಂಡು ಇಟಗೋತಿದ್ದ” ಎಂದಳು. “ಒಂದು ಇದಕ್ಕ, ಒಂದು ತನ್ನ ತಲಿಗಿ.”